ಮೊಲದ ಕಿವಿ ಕೊಟ್ಟ ತೀರ್ಪು

ಮುಖಕ್ಕೆ ಹಚ್ಚಿದ ಕ್ರೀಮು ಜಿಡ್ಡು ಅನ್ನಿಸದೆ ಸಲೀಸಾಗಿ ಹರಡಿದರೆ, ಅದರಲ್ಲಿ ಐಸೊಪ್ರೊಪೈಲ್ ಮಿರಿಸ್ಟೇಟ್ ಇರುವ ಸಾಧ್ಯತೆ ಉಂಟು. ತೆಂಗಿನೆಣ್ಣೆಯಲ್ಲೂ ಜಾಯಿಕಾಯಿಯ ಕೊಬ್ಬಿನಲ್ಲೂ ಇರುವ ಮಿರಿಸ್ಟಿಕ್ ಆಮ್ಲವನ್ನು ಐಸೊಪ್ರೊಪೈಲ್ ಆಲ್ಕೊಹಾಲ್ ಜೊತೆ ಕೂಡಿಸಿ ಇದನ್ನು ತಯಾರಿಸುತ್ತಾರೆ. ಬಣ್ಣವಿಲ್ಲ, ವಾಸನೆ ಇಲ್ಲವೆನ್ನುವಷ್ಟು ಕಡಿಮೆ, ಅಡುಗೆ ಎಣ್ಣೆಗಿಂತ ತೆಳು.

ಒಣಗಿದ ಚರ್ಮದ ಮೇಲ್ಪದರದಲ್ಲಿ ಸತ್ತ ಕೋಶಗಳು ಅಂಚೆದ್ದು ನಿಂತಿರುತ್ತವೆ. ಅದಕ್ಕೇ ಕೈಗೆ ತರಿ ತರಿ. ಈ ದ್ರವ ಕೋಶಗಳ ಸಂದಿಗಿಳಿದು ಅಂಚುಗಳನ್ನು ಕೂರಿಸುತ್ತದೆ. ಅಷ್ಟಕ್ಕೇ ನಿಲ್ಲುವುದಿಲ್ಲ. ಕೋಶಗಳ ನಡುವಿನ ಕೊಬ್ಬಿನ ಬಿಗಿಯನ್ನು ತುಸು ಸಡಿಲಿಸುತ್ತದೆ. ಚರ್ಮದ ಮೂಲಕ ಔಷಧ ಒಳಗಿಳಿಯಲೆಂದು ಔಷಧ ತಯಾರಕರು ಇದನ್ನು ಬಳಸುವುದು ಈ ಗುಣಕ್ಕಾಗಿಯೇ. ಕೆಲವು ದೇಶಗಳಲ್ಲಿ ಹೇನಿನ ಔಷಧದಲ್ಲೂ ಇದಿದೆ: ಹೇನಿನ ಮೈಮೇಲಿನ ಮೇಣ ಕರಗಿ, ನೀರಿನಂಶ ಆರಿ ಅದು ಸಾಯುತ್ತದೆ!

ಇಷ್ಟು ಉಪಕಾರಿಗೆ ಮೊಡವೆ ತರಿಸುವ ವಸ್ತುವೆಂಬ ಕೆಟ್ಟ ಹೆಸರೇಕೆ? 1972ರಲ್ಲಿ ಅಮೆರಿಕದ ಚರ್ಮತಜ್ಞ ಆಲ್ಬರ್ಟ್ ಕ್ಲಿಗ್ಮನ್ ಮತ್ತು ಓಟೊ ಮಿಲ್ಸ್ ಸೌಂದರ್ಯವರ್ಧಕಗಳಿಂದಲೂ ಮೊಡವೆ ಬರಬಹುದೆಂದು ಬರೆದರು. ಅಂಥ ವಸ್ತುಗಳನ್ನು ಆಗ ಮೊಲದ ಕಿವಿಯ ಒಳಭಾಗಕ್ಕೆ ಹಚ್ಚಿ ನೋಡುತ್ತಿದ್ದರು. ಆ ಪರೀಕ್ಷೆಯಲ್ಲಿ ಐಸೊಪ್ರೊಪೈಲ್ ಮಿರಿಸ್ಟೇಟ್ ರೋಮರಂಧ್ರಗಳನ್ನು ಜೋರಾಗಿಯೇ ಮುಚ್ಚಿಸಿತು. ಆದರೆ ಮೊಲದ ಕಿವಿ ನಮ್ಮ ಮುಖಕ್ಕಿಂತ ಬಹಳ ಸೂಕ್ಷ್ಮ. ಹಚ್ಚುವ ಪ್ರಮಾಣವೂ ಮುಖ್ಯ. ಮೊಡವೆಕಾರಕ ಎನ್ನಿಸಿಕೊಂಡ ವಸ್ತುಗಳಿದ್ದ ಸಿದ್ಧ ಉತ್ಪನ್ನಗಳನ್ನು ಮನುಷ್ಯರ ಮೇಲೆಯೇ ಪರೀಕ್ಷಿಸಿದ ಜೋಯಿ ಡ್ರೆಲೋಸ್ ಮತ್ತು ಜೋಸೆಫ್ ಡಿನಾರ್ಡೊ, ಅವೆಲ್ಲ ಮೊಡವೆ ತರಿಸಲೇಬೇಕೆಂದಿಲ್ಲ ಎಂದು 2006ರಲ್ಲಿ ವರದಿ ಮಾಡಿದರು. ಮೊಲದ ತೀರ್ಪನ್ನೇ ಅಂಕಪಟ್ಟಿ ಮಾಡಿ ಹಂಚುವವರು ಇದನ್ನು ಹೇಳುವುದು ಅಪರೂಪ.

ಹಾಗೆಂದು ಎಲ್ಲರೂ ಬಳಿದುಕೊಳ್ಳಬಹುದು ಅಂತಲ್ಲ. ಒಣಚರ್ಮದವರ ಕೈಕಾಲಿಗೆ ಇದರಿಂದ ಸಾಮಾನ್ಯವಾಗಿ ತೊಂದರೆಯಿಲ್ಲ. ಎಣ್ಣೆ ಜಿನುಗುವ, ಮೊಡವೆ ಏಳುವ ಮುಖದವರು ಡಬ್ಬಿಯ ಹಿಂಬದಿ ಓದಲಿ. ಪದಾರ್ಥಗಳ ಪಟ್ಟಿ ಹೆಚ್ಚಿರುವುದರಿಂದ ಕಡಿಮೆಯ ಕಡೆಗೆ ಸಾಗುತ್ತದೆ. ಈ ಹೆಸರು ಮೊದಲ ನಾಲ್ಕೈದರಲ್ಲೇ ಇದ್ದರೆ ಮುಖಕ್ಕೆ ಬೇಡ, ಕೊನೆಯಲ್ಲಿದ್ದರೆ ಅಂಜಬೇಕಿಲ್ಲ. ‘ನಾನ್-ಕಮೆಡೊಜೆನಿಕ್’ (ರಂಧ್ರ ಮುಚ್ಚಿಸದು) ಎಂಬ ಮುಂಬದಿಯ ಬರಹವನ್ನು ಪೂರ್ತಿ ನಂಬಬೇಡಿ, ಅದಕ್ಕೆ ಎಲ್ಲರೂ ಒಪ್ಪಿದ ಒಂದೇ ಪರೀಕ್ಷೆ ಇಲ್ಲ. ಹೊಸ ಕ್ರೀಮನ್ನು ದವಡೆಯ ಒಂದು ಬದಿಗೆ ಮಾತ್ರ ಕೆಲವು ವಾರ ಹಚ್ಚಿ ನೋಡಿ. ರಂಧ್ರ ಮುಚ್ಚಿ ಗುಳ್ಳೆ ಏಳಲು ಅಷ್ಟು ಸಮಯ ಬೇಕು. ಒಂದೆರಡು ದಿನದ ಪರೀಕ್ಷೆ ಸಾಲದು.