ಕರೆಂಟ್ ಹೋಗಿ ಬಂದ ಮೇಲೆ ಕ್ಯಾಮೆರಾ ನಾಪತ್ತೆಯೇ? ಹೊಸ ಸ್ವಿಚ್ ತರುವ ಮುನ್ನ ಕನ್ಸೋಲ್ ಪೋರ್ಟ್ ನೋಡಿ

ಭಟ್ಕಳ/ಹೊನ್ನಾವರ/ಕುಮಟಾ: ಮಳೆಗಾಲದಲ್ಲಿ ಕರೆಂಟ್ ಹೋಗಿ ಬರೋದು ಕರಾವಳಿಯವರಿಗೆ ಹೊಸದೇನಲ್ಲ. ಆದರೆ ಕರೆಂಟ್ ಬಂದ ಮೇಲೂ ಸಿಸಿ ಕ್ಯಾಮೆರಾ ಕಾಣದಿದ್ದರೆ, ಬಿಲ್ಲಿಂಗ್ ಕಂಪ್ಯೂಟರಿಗೆ ಪ್ರಿಂಟರ್ ಸಿಗದಿದ್ದರೆ ‘ಸ್ವಿಚ್ ಸುಟ್ಟಿತು’ ಎಂದು ಹೊಸದಕ್ಕೆ ಓಡುವವರೇ ಜಾಸ್ತಿ. ಕೆಲವೊಮ್ಮೆ ಸುಟ್ಟಿರೋದು ಏನೂ ಇಲ್ಲ. ಸೇವ್ ಮಾಡದ ಸೆಟ್ಟಿಂಗ್ ಹಾರಿ ಹೋಗಿರುತ್ತದೆ, ಅಷ್ಟೇ.

ಸಣ್ಣ ಅಂಗಡಿಗಳಲ್ಲಿರುವ 5 ಅಥವಾ 8 ಪೋರ್ಟಿನ ಸಾದಾ ಸ್ವಿಚ್‌ಗಳಿಗೆ ಈ ಮಾತು ಅನ್ವಯಿಸದು, ಅವಕ್ಕೆ ಸೆಟ್ಟಿಂಗೇ ಇಲ್ಲ. ಲಾಡ್ಜ್, ಆಸ್ಪತ್ರೆ, ದೊಡ್ಡ ಮಳಿಗೆಗಳಲ್ಲಿ ಹಾಕುವ ‘ಮ್ಯಾನೇಜ್ಡ್’ ಸ್ವಿಚ್‌ಗಳಲ್ಲಿ ಸಾಮಾನ್ಯವಾಗಿ ‘ಕನ್ಸೋಲ್’ ಎಂದು ಬರೆದ ಬೇರೆಯೇ ಪೋರ್ಟ್ ಇರುತ್ತದೆ. ಹಲವು ಸ್ವಿಚ್‌ಗಳಲ್ಲಿ ಅದು ಲ್ಯಾನ್ ಪೋರ್ಟಿನಂತೆಯೇ ಕಂಡರೂ ಲ್ಯಾನ್ ವೈರ್ ಹಾಕಿದರೆ ಪ್ರಯೋಜನವಿಲ್ಲ, ಕನ್ಸೋಲ್ ಕೇಬಲ್ಲೇ ಬೇಕು. ನೆಟ್‌ವರ್ಕ್ ಪೂರ್ತಿ ಬಿದ್ದಾಗಲೂ ಒಳಹೋಗಲು ಈ ಬಾಗಿಲು ತೆರೆದಿರುತ್ತದೆ.

ಕೇಬಲ್‌ನ ಯುಎಸ್‌ಬಿ ತುದಿಯನ್ನು ಲ್ಯಾಪ್‌ಟಾಪ್‌ಗೆ ಹಾಕಿ, ವಿಂಡೋಸ್‌ನ ಡಿವೈಸ್ ಮ್ಯಾನೇಜರ್‌ನಲ್ಲಿ ‘ಕಾಮ್’ ನಂಬರ್ ನೋಡಿಕೊಳ್ಳಬೇಕು. ನಂಬರ್ ಕಾಣದಿದ್ದರೆ ಕೇಬಲ್‌ನ ಡ್ರೈವರ್ ಹಾಕಬೇಕು. ಆಮೇಲೆ ಉಚಿತವಾಗಿ ಸಿಗುವ ‘ಪುಟ್ಟಿ’ ತೆರೆದು ‘ಸೀರಿಯಲ್’ ಆರಿಸಿ, ಆ ಕಾಮ್ ನಂಬರ್, ವೇಗ 9600 ಕೊಟ್ಟು ಓಪನ್ ಒತ್ತಬೇಕು. ಬರೀ ಕಪ್ಪು ಪರದೆ ಬಂದರೆ ಗಾಬರಿ ಬೇಡ, ಎಂಟರ್ ಒತ್ತಿದರಾಯ್ತು. ಅರ್ಥವಾಗದ ಚಿಹ್ನೆಗಳು ಬಂದರೆ ವೇಗ ತಪ್ಪಿದೆ ಎಂದರ್ಥ, ಕೆಲವು ಕಂಪನಿಗಳ ಸ್ವಿಚ್‌ಗೆ 115200 ಬೇಕು.

ಮುಖ್ಯ ವಿಷಯ ಇನ್ನು ಮುಂದಿದೆ. ಸಿಸ್ಕೋ ಸ್ವಿಚ್‌ನಲ್ಲಿ ಸೆಟ್ಟಿಂಗ್ ಎರಡು ಕಡೆ ಇರುತ್ತದೆ. ಈಗ ನಡೆಯುತ್ತಿರುವುದು ‘ರನ್ನಿಂಗ್ ಕಾನ್ಫಿಗ್’, ಮತ್ತೆ ಆನ್ ಆದಾಗ ಓದಿಕೊಳ್ಳುವುದು ‘ಸ್ಟಾರ್ಟಪ್ ಕಾನ್ಫಿಗ್’. ಏಪ್ರಿಲ್‌ನಲ್ಲಿ ಟೆಕ್ನಿಷಿಯನ್ ಬಂದು ಒಂದು ಪೋರ್ಟನ್ನು ಕ್ಯಾಮೆರಾದ ವಿಎಲ್ಯಾನ್‌ಗೆ ಸೇರಿಸಿ ಸೇವ್ ಮಾಡದೆ ಹೋದರು ಅಂತಿಟ್ಟುಕೊಳ್ಳಿ. ಯುಪಿಎಸ್ ಇರೋವರೆಗೆ ಎಲ್ಲವೂ ಸರಿ. ಜೂನ್‌ನಲ್ಲಿ ಬ್ಯಾಟರಿ ಖಾಲಿಯಾಗಿ ಸ್ವಿಚ್ ಆಫ್ ಆಯಿತೆಂದರೆ ಆ ಪೋರ್ಟ್ ಹಳೇ ಜಾಗಕ್ಕೇ ವಾಪಸ್. ಕ್ಯಾಮೆರಾ ಮಾಯ!

ಹಾಗಾಗಿ ಟೆಕ್ನಿಷಿಯನ್ ಹೊರಡುವ ಮೊದಲೇ ‘ರೈಟ್ ಮೆಮೊರಿ’ ಕಮಾಂಡ್ ಕೊಡಿಸಬೇಕು. ‘ಶೋ ರನ್ನಿಂಗ್ ಕಾನ್ಫಿಗ್’ ಎಂದರೆ ಬರುವುದನ್ನು ಪೂರ್ತಿ ಕಾಪಿ ಮಾಡಿ ಪೆನ್‌ಡ್ರೈವ್‌ನಲ್ಲಿ ಇಟ್ಟುಕೊಂಡರೆ, ಸ್ವಿಚ್ ನಿಜವಾಗಿಯೂ ಸುಟ್ಟ ದಿನ ಎಲ್ಲವನ್ನೂ ಮೊದಲಿಂದ ಮಾಡುವ ಪ್ರಮೇಯ ಬರೋದಿಲ್ಲ. ಅದರಲ್ಲಿ ಪಾಸ್‌ವರ್ಡ್‌ಗಳೂ ಇರಬಹುದಾದ್ದರಿಂದ ವಾಟ್ಸಾಪ್‌ನಲ್ಲಿ ಯಾರಿಗೂ ಕಳಿಸಬಾರದು. ಇನ್ನು ಸ್ವಿಚ್‌ನ ಪಾಸ್‌ವರ್ಡ್ ಟೆಕ್ನಿಷಿಯನ್ ಒಬ್ಬರ ತಲೆಯಲ್ಲೇ ಇದ್ದರೆ ಕಷ್ಟ. ಅದನ್ನು ಮಾಲೀಕರು ಕೇಳಿ ಬರೆದಿಟ್ಟುಕೊಳ್ಳಬೇಕು, ಸ್ವಿಚ್ ಮೇಲೆ ಚೀಟಿ ಅಂಟಿಸಿ ಅಲ್ಲ.