ಬೆಕ್ಕಿನ ಮರಿಗಳ ಅಂಟುಜಾಡ್ಯ

ತೊಗರಿ ಬೆಳೆಯುವ ನಾಡಿನಲ್ಲಿ ಬೆಕ್ಕು ಬರಿಯ ಮುದ್ದಿನ ಪ್ರಾಣಿಯಲ್ಲ. ಮನೆವಾರ್ತೆಯಲ್ಲಿ ಅದಕ್ಕೂ ಒಂದು ಉದ್ಯೋಗವುಂಟು. ಸೇಡಂ ತಾಲ್ಲೂಕಿನ ಆಡಕಿಯಲ್ಲಾಗಲಿ, ಚಿತ್ತಾಪುರ ಚಿಂಚೋಳಿಗಳ ಕಡೆಯ ಹಳ್ಳಿಗಳಲ್ಲಾಗಲಿ, ರಾಶಿ ಮುಗಿದು ತೊಗರಿಯ ಚೀಲಗಳು ಪಡಸಾಲೆಗೆ ಬಂದುವೆಂದರೆ ಅವುಗಳ ಹಿಂದೆಯೇ ಇಲಿಗಳೂ ಬರುವುವು. ಆದುದರಿಂದ ಒಂದು ಮನೆಯಲ್ಲಿ ಬೆಕ್ಕು ಮರಿಹಾಕಿದರೆ ಓಣಿಯ ನಾಲ್ಕು ಮನೆಯವರು ಮರಿಗಳನ್ನು ಕೇಳಿಕೊಂಡು ಬರುವುದು ವಾಡಿಕೆ. ಹೀಗೆ ಮರಿ ಮನೆಯಿಂದ ಮನೆಗೆ ಹೋಗುವಾಗ ಅದರ ಸಂಗಡ ಕಣ್ಣಿಗೆ ಕಾಣದ ಒಂದು ಜಾಡ್ಯವೂ ಹೋಗಬಲ್ಲುದು. ಆ ಜಾಡ್ಯದ ಸ್ವರೂಪವನ್ನೂ ಅದರಲ್ಲಿ ನಾವು ಮಾಡಬೇಕಾದ ಆರೈಕೆಯನ್ನೂ ಇಲ್ಲಿ ವಿಚಾರಮಾಡೋಣ.

ನಿನ್ನೆಯ ಸಂಜೆ ತನ್ನ ಬಾಲವನ್ನು ತಾನೇ ಹಿಡಿಯಲು ಸುತ್ತುತ್ತಿದ್ದ ಮರಿ ಇಂದು ಮೂಲೆಯನ್ನು ಸೇರುತ್ತದೆ, ಅನ್ನ ಮುಟ್ಟುವುದಿಲ್ಲ, ಹಳದಿಯ ನೊರೆಯನ್ನು ಕಾರುತ್ತದೆ, ನಾಳೆಯೋ ನಾಡಿದ್ದೋ ಸಾಯುತ್ತದೆ. ಆಗ ಮನೆಯಲ್ಲಿ ಎರಡು ಮಾತುಗಳು ಹುಟ್ಟುವುವು. “ಯಾರೋ ವಿಷ ಹಾಕಿದರು” ಎಂಬುದು ಒಂದು. “ನಮ್ಮ ಮನೆಗೆ ಬೆಕ್ಕು ಆಗಿಬರುವುದಿಲ್ಲ” ಎಂಬುದು ಇನ್ನೊಂದು. ಮೊದಲನೆಯ ಮಾತು ನೆರೆಹೊರೆಯ ಸ್ನೇಹವನ್ನು ಕೆಡಿಸುತ್ತದೆ. ಎರಡನೆಯದು ಮನುಷ್ಯಪ್ರಯತ್ನವನ್ನೇ ನಿಲ್ಲಿಸುತ್ತದೆ. ವಿಷದಿಂದ ಬೆಕ್ಕುಗಳು ಸಾಯುವುದೇ ಇಲ್ಲವೆಂದು ನಾವು ಹೇಳುವುದಿಲ್ಲ. ಆದರೆ ಅನೇಕ ಸಾರಿ ಈ ಎರಡು ಮಾತುಗಳ ಹಿಂದೆಯೂ ಇರುವುದು ಒಂದೇ ರೋಗ. ಅದಕ್ಕೆ ವೈದ್ಯರು ಪ್ಯಾನ್‌ಲ್ಯೂಕೋಪೀನಿಯ ಎಂದು ಹೆಸರಿಟ್ಟಿದ್ದಾರೆ; ಎಲ್ಲ ಬಗೆಯ ಬಿಳಿಯ ರಕ್ತಕಣಗಳ ಅಭಾವವೆಂದು ಅದರ ಅರ್ಥ.

ಇದು ದೂರದೇಶದ ಸುದ್ದಿಯಲ್ಲ. 2023ರ ಆಗಸ್ಟ್ ತಿಂಗಳ ಕೊನೆಯಿಂದ ಸೆಪ್ಟೆಂಬರ್ ಮೊದಲ ವಾರದೊಳಗೆ ಬೆಂಗಳೂರಿನ ಬಳಿಯ ಬನ್ನೇರುಘಟ್ಟ ಜೈವಿಕ ಉದ್ಯಾನದಲ್ಲಿ 7 ಚಿರತೆಯ ಮರಿಗಳು ಇದೇ ರೋಗದಿಂದ ಸತ್ತುವು. 2025ರ ಫೆಬ್ರುವರಿಯಲ್ಲಿ ನಮ್ಮ ನೆರೆಯ ರಾಯಚೂರಿನಲ್ಲಿ ಇದು ಹರಡಿ ಅನೇಕ ಸಾಕುಬೆಕ್ಕುಗಳು ಪ್ರಾಣ ಬಿಟ್ಟುವು. ಚಿರತೆಯೂ ಬೆಕ್ಕೂ ಒಂದೇ ಕುಲದವು. ಈ ವಿಷಾಣುವಿಗೆ ಕಾಡಿನದು, ಮನೆಯದು ಎಂಬ ಭೇದವಿಲ್ಲ.

ರೋಗಕ್ಕೆ ಕಾರಣ ಪಾರ್ವೋ ಎಂಬ ಜಾತಿಯ ಅತಿಸೂಕ್ಷ್ಮ ವಿಷಾಣು. 1928ರಲ್ಲಿ ಫ್ರಾನ್ಸಿನ ವೆರ್ಜ್ ಮತ್ತು ಕ್ರಿಸ್ಟೊಫೊರೊನಿ ಎಂಬವರು ಈ ರೋಗ ವಿಷಾಣುವಿನಿಂದ ಬರುವುದೆಂದು ತೋರಿಸಿದರು. ವಿಷಾಣುವಿಗೆ ಸ್ವಂತವಾಗಿ ಬೆಳೆಯುವ ಶಕ್ತಿ ಇಲ್ಲ. ಒಡೆದು ಇಮ್ಮಡಿಯಾಗುತ್ತಿರುವ ಜೀವಕೋಶದೊಳಗೆ ಹೊಕ್ಕು, ಅದರ ಸಲಕರಣೆಯಿಂದಲೇ ತನ್ನ ಸಂತಾನವನ್ನು ಬೆಳೆಸಬೇಕು. ಬೆಳೆಯುವ ಮರಿಯಲ್ಲಿ ಬಹು ವೇಗವಾಗಿ ಇಮ್ಮಡಿಯಾಗುವ ಕೋಶಗಳು ಎಲ್ಲಿರುವುವು? ಕರುಳಿನ ಒಳಪದರದಲ್ಲಿ ಮತ್ತು ಎಲುಬಿನ ಮಜ್ಜೆಯಲ್ಲಿ. ಅಲ್ಲಿಯೇ ಇದರ ಧಾಳಿ. ಕರುಳಿನ ಪದರ ಹರಿದುದರಿಂದ ವಾಂತಿ ಭೇದಿಗಳು. ಮಜ್ಜೆ ನಾಶವಾದುದರಿಂದ ಬಿಳಿಯ ಕಣಗಳ ಅಭಾವ. ಗೋಡೆ ಬಿದ್ದ ಊರಿನಲ್ಲಿ ಕಾವಲುಗಾರರೂ ಇಲ್ಲದಂತಾಗಿ, ಕರುಳಿನಲ್ಲಿರುವ ಸಾಮಾನ್ಯ ರೋಗಾಣುಗಳೂ ರಕ್ತಕ್ಕೆ ನುಗ್ಗುವುವು. ತಾಯಿಬೆಕ್ಕಿಗೆ ಗರ್ಭದಲ್ಲಿ ರೋಗ ತಗಲಿದರೆ ಮರಿಗಳ ಕಿರುಮೆದುಳು ಕುಂದಿ, ಅವು ಹುಟ್ಟಿನಿಂದಲೇ ತೂರಾಡುತ್ತ ನಡೆಯುವುವು. ಅಂತಹ ಮರಿಗಳಲ್ಲಿ ಅನೇಕವು ಹಾಗೆಯೇ ಬಹುಕಾಲ ಬದುಕಬಲ್ಲುವು. ಅವನ್ನು ಅಪಶಕುನವೆಂದು ಹೊರಗೆ ಬಿಡಲಾಗದು.

ವಿಷಾಣು ಒಳಹೊಕ್ಕ ಮೇಲೆ ಸಾಮಾನ್ಯವಾಗಿ ಒಂದು ವಾರದೊಳಗೆ ಚಿಹ್ನೆಗಳು ತೋರುವುವು. ಜ್ವರ ಫಾರನ್‌ಹೀಟಿನ 104 ಡಿಗ್ರಿಗೆ ಮೀರುವುದು. ಮರಿ ನೀರಿನ ಬಟ್ಟಲಿನ ಮೇಲೆ ತಲೆ ಬಗ್ಗಿಸಿ ಕುಳಿತಿರುವುದು, ಆದರೆ ಕುಡಿಯಲಾರದು. ಕುತ್ತಿಗೆಯ ಹಿಂದಿನ ಚರ್ಮವನ್ನು ಎತ್ತಿ ಬಿಟ್ಟರೆ ಅದು ಕೂಡಲೇ ಇಳಿಯದೆ ನಿಂತಿತೆಂದರೆ ದೇಹದ ನೀರು ಬತ್ತಿದೆಯೆಂದು ತಿಳಿಯಬೇಕು. ಚಿಕಿತ್ಸೆ ಕಾಣದ ಮರಿಗಳಲ್ಲಿ ನೂರಕ್ಕೆ 90ರವರೆಗೂ ಸಾಯಬಹುದು. ಆದರೆ ಐದು ದಿನಗಳನ್ನು ದಾಟಿದ ಮರಿ ಬಹುಮಟ್ಟಿಗೆ ಉಳಿಯುತ್ತದೆ. ಆರೈಕೆಯ ಗುಟ್ಟೆಲ್ಲ ಇರುವುದು ಇಲ್ಲಿಯೇ. ವಿಷಾಣುವನ್ನು ಖಚಿತವಾಗಿ ಕೊಲ್ಲುವ ಔಷಧ ನಮ್ಮ ಕೈಯಲ್ಲಿಲ್ಲ. ಮರಿಯ ದೇಹ ತಾನೇ ಹೋರಾಡಿ ಗೆಲ್ಲುವವರೆಗೆ ಆ ಐದು ದಿನ ಅದರ ಪ್ರಾಣವನ್ನು ಹಿಡಿದಿಡುವುದೇ ನಮ್ಮ ಕೆಲಸ.

ಮೊದಲನೆಯದಾಗಿ, ತಡಮಾಡದೆ ಪಶುವೈದ್ಯರ ಬಳಿಗೆ ಒಯ್ಯತಕ್ಕದ್ದು. ಚರ್ಮದ ಕೆಳಗೋ ರಕ್ತನಾಳಕ್ಕೋ ಲವಣದ ನೀರನ್ನು ಕೊಡುವುದು, ವಾಂತಿಯನ್ನು ತಡೆಯುವುದು, ರೋಗಾಣುಗಳು ರಕ್ತ ಸೇರದಂತೆ ಜೀವಿರೋಧಕ ಔಷಧವನ್ನು ಚುಚ್ಚುವುದು, ಇವು ಅವರ ಕೆಲಸಗಳು. ಎರಡನೆಯದಾಗಿ, ಮರಿಯನ್ನು ಬೇರೆ ಕೋಣೆಯಲ್ಲಿಟ್ಟು, ಹಳೆಯ ಬಟ್ಟೆ ಹಾಸಿ, ಮೈ ತಣ್ಣಗಾದರೆ ಬಿಸಿನೀರಿನ ಸೀಸೆಯನ್ನು ಬಟ್ಟೆಯಲ್ಲಿ ಸುತ್ತಿ ಪಕ್ಕದಲ್ಲಿಡಬೇಕು. ನಮ್ಮ ಕಡೆಯ ಬೇಸಗೆಯಲ್ಲಾದರೆ ನೆರಳೂ ಗಾಳಿಯೂ ಬೇಕು. ಮೂರನೆಯದಾಗಿ, ಕಾರುತ್ತಿರುವ ಮರಿಯ ಬಾಯಿಗೆ ಹಾಲು ನೀರುಗಳನ್ನು ಒತ್ತಾಯದಿಂದ ಹೊಯ್ಯಬಾರದು. ಅದು ಶ್ವಾಸಕೋಶಕ್ಕೆ ಇಳಿಯುವ ಭಯವುಂಟು. ವಾಂತಿ ನಿಂತೊಡನೆ, ಉಪ್ಪು ಖಾರ ಉಳ್ಳಾಗಡ್ಡಿ ಬೆಳ್ಳುಳ್ಳಿಗಳಿಲ್ಲದೆ ಬೇಯಿಸಿದ ಕೋಳಿಯ ಮಾಂಸವನ್ನೋ ಮೊಟ್ಟೆಯನ್ನೋ ಬೆರಳ ತುದಿಯಷ್ಟಷ್ಟೇ ಮೇಲಿಂದಮೇಲೆ ಕೊಡಬೇಕು. ಹಾಲು ಭೇದಿಯನ್ನು ಹೆಚ್ಚಿಸಬಹುದು. ಜ್ವರವೆಂದು ಮನುಷ್ಯರ ಪ್ಯಾರಾಸಿಟಮಾಲ್ ಗುಳಿಗೆಯನ್ನು ಕೊಡಲೇಬಾರದು. ಬೆಕ್ಕಿಗೆ ಅದು ಪ್ರಾಣಾಂತಿಕ ವಿಷ. ವಿಷ ಹಾಕಿದವರನ್ನು ಹೊರಗೆ ಹುಡುಕುವ ಮುನ್ನ ನಮ್ಮ ಕೈಯಿಂದ ಇಂತಹ ವಿಷ ಬೀಳದಂತೆ ನೋಡಿಕೊಳ್ಳುವುದು ಮೇಲು.

ಇನ್ನು “ಬೆಕ್ಕು ಆಗಿಬಾರದ ಮನೆ”ಯ ಮಾತು. ಈ ವಿಷಾಣು ಅತ್ಯಂತ ಗಟ್ಟಿ ಜೀವದ್ದು. ಮನೆಯ ನೆಲದಲ್ಲಿ, ಬುಟ್ಟಿಯಲ್ಲಿ, ಗೋಣಿಯಲ್ಲಿ ಅದು ಒಂದು ವರ್ಷದವರೆಗೂ ಉಳಿಯಬಲ್ಲುದು. ಮರಿ ಸತ್ತ ಎರಡು ತಿಂಗಳಿಗೆ ಇನ್ನೊಂದನ್ನು ತಂದು ಅದೇ ಬುಟ್ಟಿಯಲ್ಲಿ ಮಲಗಿಸಿದರೆ ಅದೂ ಸಾಯುವುದು ಸಹಜವೇ. ಇದರಲ್ಲಿ ಮನೆಯ ದೋಷವೂ ಇಲ್ಲ, ಗ್ರಹಚಾರವೂ ಇಲ್ಲ. ಫಿನಾಯಿಲಿನಿಂದ ಒರೆಸಿದೆವಲ್ಲ ಎಂದು ಕೆಲವರು ಹೇಳುವರು. ಫಿನಾಯಿಲನ್ನು ಈ ವಿಷಾಣುವಿನ ಮಟ್ಟಿಗೆ ನಂಬುವಂತಿಲ್ಲ. ಮೇಲಾಗಿ ಪಂಜವನ್ನು ನೆಕ್ಕುವ ಬೆಕ್ಕಿಗೆ ಅದು ವಿಷ. ಇಲ್ಲಿ ಕೆಲಸಕ್ಕೆ ಬರುವುದು ಕ್ಲೋರಿನ್. ಅಂಗಡಿಯಲ್ಲಿ ದೊರೆಯುವ ದ್ರವ ಬ್ಲೀಚನ್ನು, ಒಂದು ಪಾಲಿಗೆ ಸುಮಾರು 30 ಪಾಲು ನೀರು ಬೆರೆಸಬೇಕು. ಮೊದಲು ಸಾಬೂನಿನಿಂದ ಕೊಳೆಯನ್ನು ತೊಳೆದು, ಆಮೇಲೆ ಈ ನೀರನ್ನು ಹರಡಿ 10 ನಿಮಿಷ ಬಿಟ್ಟು, ಮತ್ತೆ ತೊಳೆದು ಒಣಗಿಸಬೇಕು. ಕೊಳೆಯಿದ್ದಲ್ಲಿ ಕ್ಲೋರಿನ್ನಿನ ಬಲ ಕುಂದುವುದು. ಅದರೊಡನೆ ಆಸಿಡ್ಡನ್ನು ಎಂದಿಗೂ ಬೆರೆಸಬಾರದು, ವಿಷವಾಯು ಹುಟ್ಟುವುದು. ಶಹಾಬಾದಿನ ಕಲ್ಲು ಹಾಸಿದ ನೆಲವಾದರೆ ಕಲ್ಲಿನ ಸಂದುಗಳ ಕಡೆ ವಿಶೇಷವಾಗಿ ಗಮನವಿರಲಿ. ಮಣ್ಣಿನ ನೆಲವನ್ನು ಹೀಗೆ ಶುದ್ಧಿಮಾಡುವುದು ಕಷ್ಟ. ಗೋಣಿ, ಬುಟ್ಟಿ, ಚಿಂದಿಗಳನ್ನು ಸುಡುವುದೇ ಲೇಸು. ಸತ್ತ ಮರಿಯನ್ನು ತಿಪ್ಪೆಗೆ ಎಸೆಯದೆ ಆಳವಾಗಿ ಹೂಳಬೇಕು. ಉಳಿದ ಮರಿಯೂ ಆರು ವಾರಗಳವರೆಗೆ ಮಲದಲ್ಲಿ ವಿಷಾಣುವನ್ನು ಹೊರಹಾಕಬಹುದಾದುದರಿಂದ ಅಷ್ಟು ಕಾಲ ಅದನ್ನು ಬೇರೆಯಾಗಿಡಬೇಕು. ಆರೈಕೆ ಮಾಡಿದವರು ಕೈಗಳನ್ನು ಸಾಬೂನಿನಿಂದ ಚೆನ್ನಾಗಿ ತೊಳೆಯದೆ, ಬಟ್ಟೆ ಬದಲಿಸದೆ, ಬೇರೆ ಮನೆಯ ಬೆಕ್ಕನ್ನು ಮುಟ್ಟಬಾರದು. ಮನುಷ್ಯರಿಗೆ ಈ ರೋಗ ಬರುವುದಿಲ್ಲ. ಆದರೆ ನಮ್ಮ ಕೈ, ಚಪ್ಪಲಿ, ಬಟ್ಟೆಗಳು ಅದಕ್ಕೆ ವಾಹನಗಳಾಗುವುವು.

ಎಲ್ಲಕ್ಕಿಂತ ಮಿಗಿಲಾದ ಉಪಾಯ ಲಸಿಕೆ. ಮರಿಗೆ ಆರರಿಂದ ಎಂಟು ವಾರ ತುಂಬಿದಾಗ ಮೊದಲ ಲಸಿಕೆ. ಅಲ್ಲಿಂದ ಮೂರು ನಾಲ್ಕು ವಾರಗಳಿಗೊಮ್ಮೆ, 16 ವಾರವಾಗುವವರೆಗೆ ಅಥವಾ ವೈದ್ಯರು ಹೇಳಿದರೆ ಇನ್ನೂ ಮುಂದಕ್ಕೆ. ಒಂದು ಸಾರಿ ಸಾಲದೆ? ಸಾಲದು. ತಾಯಿಯ ಹಾಲಿನಿಂದ ಬಂದ ರಕ್ಷಣೆ ಮರಿಯಲ್ಲಿರುವವರೆಗೆ ಅದು ಲಸಿಕೆಯನ್ನೂ ವಿಫಲಗೊಳಿಸುವುದು. ಆ ರಕ್ಷಣೆ ಯಾವ ವಾರ ತೀರುವುದೆಂದು ಹೊರಗಿನಿಂದ ತಿಳಿಯದು. ಆದುದರಿಂದಲೇ ಪುನಃ ಪುನಃ ಹಾಕಿಸುವುದು. ಬನ್ನೇರುಘಟ್ಟದಲ್ಲಿ ಲಸಿಕೆ ಪಡೆದಿದ್ದ ಮರಿಗಳೂ ಸತ್ತುವೆಂದು ವರದಿಯಾಗಿತ್ತು. ಲಸಿಕೆಯ ಜೊತೆಗೆ ಶುಚಿಯೂ ಎಚ್ಚರವೂ ಬೇಕೆಂಬುದಕ್ಕೆ ಅದು ಸಾಕ್ಷಿ. ರೋಗ ಕಂಡ ಮನೆಗೆ ಹೊಸ ಮರಿಯನ್ನು ತರುವವರು ಅದರ ಲಸಿಕೆಗಳೆಲ್ಲ ಮುಗಿಯುವವರೆಗೆ ಕಾಯುವುದು ವಿವೇಕ.

ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎಂಬುದು ಗಾದೆ. ಬೆಕ್ಕಿಗೇ ಪ್ರಾಣಸಂಕಟ ಬಂದಾಗ ನಮ್ಮ ಚೀಲಗಳಲ್ಲಿ ಇಲಿಗೆ ಚೆಲ್ಲಾಟವಾಗುವುದು. ನಮ್ಮ ಕಾಳನ್ನು ಕಾಯುವ ಜೀವಕ್ಕೆ ನಾಲ್ಕಾರು ದಿನದ ಆರೈಕೆಯೂ ಕೆಲವು ಲಸಿಕೆಗಳೂ ಸಲ್ಲತಕ್ಕ ಕೂಲಿಯೇ ಹೊರತು ದಾನವಲ್ಲ. ಮುಂದೆ ಓಣಿಯಲ್ಲಿ ಮರಿಯೊಂದು ಸತ್ತಾಗ ನೆರೆಮನೆಯ ಬಾಗಿಲಿಗೆ ಜಗಳಕ್ಕೆ ಹೋಗದೆ, ನಿಮ್ಮ ಮರಿಯನ್ನು ಕಾಪಾಡಿಕೊಳ್ಳಿರೆಂದು ಹೇಳಲು ಹೋಗುವಂತಾಗಲಿ.