ಶೋರೂಮಿನ ಬಿಲ್ಲಿನಲ್ಲಿ ತೆರಿಗೆಯ ಸಾಲು

2001ರಲ್ಲಿ ಬೆಂಗಳೂರಿನ ಚೇತನ್ ಮೈನಿ ಅವರ ಕಂಪನಿ ‘ರೇವಾ’ ಎಂಬ ಪುಟಾಣಿ ವಿದ್ಯುತ್ ಕಾರನ್ನು ರಸ್ತೆಗಿಳಿಸಿತು. ಲಂಡನ್ನಿನಲ್ಲಿ ಅದು ‘ಜಿ-ವಿಜ್’ ಎಂಬ ಹೆಸರಿನಲ್ಲಿ ಮನೆಮಾತಾಯಿತು. ನಗರದ ಮಧ್ಯಭಾಗಕ್ಕೆ ಬರುವ ವಾಹನಗಳಿಗೆ 2003ರಿಂದ ಹೇರಿದ್ದ ದಟ್ಟಣೆ ಶುಲ್ಕ ಅದಕ್ಕೆ ಇರಲಿಲ್ಲ. ದಿನವೂ ಉಳಿಯುವ ಹಣ ಕೊಳ್ಳುವವರ ಮನಸ್ಸನ್ನು ಒಲಿಸಿತು.

ಕರ್ನಾಟಕ 2017ರಲ್ಲಿ, ದೇಶದಲ್ಲೇ ಮೊದಲಿಗೆ, ವಿದ್ಯುತ್ ವಾಹನ ನೀತಿ ತಂದಿತು. ಜೊತೆಗೆ ರಸ್ತೆ ತೆರಿಗೆಯ ವಿನಾಯಿತಿಯೂ ಇತ್ತು.

ಹಾಸನದ ಶೆಟ್ಟಿಹಳ್ಳಿಯ ಕುಟುಂಬವೊಂದು 15 ಲಕ್ಷ ರೂಪಾಯಿಯ ಪೆಟ್ರೋಲ್ ಕಾರು ಕೊಂಡಿತೆನ್ನಿ. ಶೇ 17ರ ದರದಲ್ಲಿ ರಸ್ತೆ ತೆರಿಗೆಯೇ 2.55 ಲಕ್ಷ, ಸೆಸ್ ಬೇರೆ. ಅದೇ ಬೆಲೆಯ ವಿದ್ಯುತ್ ಕಾರಿಗೆ ಆಗ ಸೊನ್ನೆ. 2019ರ ಆಗಸ್ಟ್‌ನಲ್ಲಿ ಇದರ ಜಿಎಸ್‌ಟಿಯೂ ಶೇ 12ರಿಂದ 5ಕ್ಕೆ ಇಳಿಯಿತು. 2024ರಲ್ಲಿ ರಾಜ್ಯ ಸರ್ಕಾರ 25 ಲಕ್ಷ ಮೀರಿದ ವಿದ್ಯುತ್ ಕಾರುಗಳಿಗೆ ಶೇ 10ರಷ್ಟು ತೆರಿಗೆ ಹಾಕಿತು, ಅದು ನ್ಯಾಯವೇ.

ಆದರೆ ಎಲ್ಲ ರಿಯಾಯಿತಿಯೂ ಎಲ್ಲರಿಗೂ ದಕ್ಕುವುದಿಲ್ಲ. 2019ರ ಏಪ್ರಿಲ್‌ನಿಂದ 2023ರ ಮಾರ್ಚ್‌ವರೆಗೆ ಮಂಜೂರಾದ ವಿದ್ಯುತ್ ವಾಹನ ಸಾಲದ ಬಡ್ಡಿಗೆ ವರ್ಷಕ್ಕೆ 1.5 ಲಕ್ಷದವರೆಗೆ ಆದಾಯ ತೆರಿಗೆ ವಿನಾಯಿತಿ ಸಿಕ್ಕಿತು. ಸಂಬಳದಾರರಿಗೆ ಅದು ಲಾಭ. ಕೃಷಿ ಆದಾಯಕ್ಕೆ ತೆರಿಗೆಯೇ ಇಲ್ಲದ ಆಲೂಗಡ್ಡೆ ಬೆಳೆಗಾರನಿಗೆ ಅದರಿಂದ ಒಂದು ರೂಪಾಯಿಯೂ ಉಳಿಯಲಿಲ್ಲ.